ಮೊದಲು ಕಟ್ಟಡ ರಿಪೇರಿ ಮಾಡಲಿ: ಟೆಂಪೆಲ್‌ಹೋಫ್ ಬಗ್ಗೆ ಬರ್ಲಿನ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬರ್ಲಿನ್‌ನಲ್ಲಿರುವ ಕನ್ನಡದ ಬಂಧುಗಳೇ,

ನಮ್ಮವರು ನಾಲ್ಕು ಜನ ಸೇರಿದ ಕಡೆ ಬಾಡಿಗೆ ಮನೆಯ ಮಾತು ಬಂದೇ ಬರುತ್ತದೆ. ಆ ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಮುಚ್ಚಿಹೋದ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣದ ಬಯಲಿನ ವಿಷಯ ತೆಗೆಯುತ್ತಾರೆ. "ಊರ ನಡುವೆ ಅಷ್ಟು ದೊಡ್ಡ ಜಾಗ ಸುಮ್ನೆ ಬಿಟ್ಟಿದ್ದಾರಲ್ಲ ರೀ, ಸೈಡಲ್ಲಾದ್ರೂ ಅಪಾರ್ಟ್‌ಮೆಂಟ್ ಕಟ್ಟಬಾರದಾ?" ಯುಗಾದಿ ಊಟದಲ್ಲೂ ಇದೇ ಆಯಿತು. ಒಬ್ಬಟ್ಟು ಮುಂದಿಟ್ಟುಕೊಂಡು ಜಗಳ ಯಾಕೆ ಎಂದು ಸುಮ್ಮನಿದ್ದೆ. ಹೇಳಬೇಕಾದ್ದು ಒಂದು ಊಟದ ಹೊತ್ತಿಗೆ ಮುಗಿಯುವಂಥದ್ದೂ ಆಗಿರಲಿಲ್ಲ. ಅದಕ್ಕೇ ಈ ಪತ್ರ.

ಇದನ್ನು ಸರ್ಕಾರಕ್ಕೆ ಬರೆಯುವ ಬದಲು ನಿಮಗೆ ಬರೆಯುತ್ತಿರುವುದಕ್ಕೂ ಕಾರಣ ಇದೆ. ನಮ್ಮಲ್ಲಿ ಕೆಲವರು ಇಲ್ಲಿನ ಪೌರತ್ವ ತೆಗೆದುಕೊಂಡಿದ್ದಾರೆ. 2024ರಲ್ಲಿ ಕಾನೂನು ಬದಲಾಗಿ, ಎಂಟು ವರ್ಷದ ಬದಲು ಐದೇ ವರ್ಷಕ್ಕೆ ಅರ್ಜಿ ಹಾಕಬಹುದು ಎಂದಾದ ಮೇಲೆ ಇನ್ನೂ ಹಲವರು ಯೋಚನೆ ಮಾಡುತ್ತಿದ್ದಾರೆ. ಪಾಸ್‌ಪೋರ್ಟ್ ಬಂದರೆ ಬರ್ಲಿನ್‌ನ ಚುನಾವಣೆಯಲ್ಲೂ ಜನಮತಗಣನೆಯಲ್ಲೂ ವೋಟು ಬರುತ್ತದೆ. ಟೆಂಪೆಲ್‌ಹೋಫ್ ಬಯಲು ಇವತ್ತು ಬಯಲಾಗಿ ಉಳಿದಿರುವುದೇ ವೋಟಿನಿಂದ. ನಾಳೆ ಅದರ ಗತಿ ಏನು ಎನ್ನುವುದರಲ್ಲಿ ನಿಮ್ಮ ಪಾಲೂ ಇರುತ್ತದೆ.

ಮನೆಯ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಒಂದು ಮನೆ ನೋಡಲು ಮೆಟ್ಟಿಲ ಮೇಲೆ ಕ್ಯೂ ನಿಂತಿದ್ದೇನೆ. ಸಂಬಳದ ಚೀಟಿ, ಸಾಲ ಬಾಕಿ ಇಲ್ಲ ಎನ್ನುವ ಶೂಫಾ ವರದಿ, ಹಳೇ ಮನೆ ಮಾಲೀಕರ ಪತ್ರ ಎಲ್ಲ ಫೈಲಿನಲ್ಲಿಟ್ಟುಕೊಂಡು ಮುಗುಳ್ನಗುತ್ತಾ ನಿಲ್ಲುವುದು ಎಂಥ ಅವಸ್ಥೆ ಎಂದು ನಿಮಗೂ ಗೊತ್ತು. ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಲು ವಿಳಾಸವೇ ಇಲ್ಲದೆ ಒದ್ದಾಡುವ ಹೊಸಬರನ್ನು ನಾವೆಲ್ಲ ನೋಡಿದ್ದೇವೆ. ಬರ್ಲಿನ್‌ಗೆ ಮನೆ ಬೇಕು, ಬೇಗ ಬೇಕು, ಕಡಿಮೆ ಬಾಡಿಗೆಗೆ ಬೇಕು. ಇದರಲ್ಲಿ ನನ್ನದೇನೂ ತಕರಾರಿಲ್ಲ.

ನನ್ನ ತಕರಾರು ಇಷ್ಟೇ. ಟೆಂಪೆಲ್‌ಹೋಫ್‌ನಲ್ಲಿ ಎರಡು ಆಸ್ತಿಗಳಿವೆ. ಒಂದು ಬಯಲು, ಇನ್ನೊಂದು ಅದರ ಪಕ್ಕದ ಹಳೇ ವಿಮಾನ ನಿಲ್ದಾಣದ ಕಟ್ಟಡ. ಬಯಲಿನಲ್ಲಿ ದಿನಾ ಜನ ತುಂಬಿರುತ್ತಾರೆ. ಕಟ್ಟಡದ ಬಹಳಷ್ಟು ಭಾಗ ಪಾಳು ಬಿದ್ದಿದೆ. ಆದರೆ ರಾಜಕಾರಣಿಗಳ ಕಣ್ಣು ಮಾತ್ರ ಯಾವಾಗಲೂ ಬಯಲಿನ ಮೇಲೇ. ಪಾಳು ಬಿದ್ದಿರುವುದನ್ನು ಮೊದಲು ಸರಿಮಾಡಿ ತೋರಿಸಲಿ, ಆಮೇಲೆ ಬಯಲಿನ ಮಾತು ಆಡಲಿ.

ಬೆಂಗಳೂರಿಂದ ಬಂದವರಿಗೆ ಅಳತೆ ಹೇಳಬೇಕೆಂದರೆ, ಇಲ್ಲಿನವರು ಫೆಲ್ಡ್ ಎನ್ನುವ ಈ ಬಯಲು ಸುಮಾರು 300 ಹೆಕ್ಟೇರ್ ಇದೆ. ಅಂದರೆ 740 ಎಕರೆ. ಲಾಲ್‌ಬಾಗ್ ಥರದ ಮೂರು ತೋಟ ಹಿಡಿಸುತ್ತದೆ. ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಉದ್ದದ ಎರಡು ರನ್‌ವೇಗಳು ಹಾಗೇ ಇವೆ. ಹಾಸೆನ್‌ಹೈಡೆಯ ಗಣೇಶ ದೇವಸ್ಥಾನಕ್ಕೆ ಹೋಗುವವರು ಆ ಪಾರ್ಕ್ ದಾಟಿ ಕೊಲುಂಬಿಯಾಡಾಮ್ ರಸ್ತೆಯ ಆಚೆ ಹೋದರೆ ಸಾಕು, ಅಲ್ಲೇ ಬೇಲಿ, ಅಲ್ಲೇ ಗೇಟು. ಎಷ್ಟೋ ಜನ ದೇವಸ್ಥಾನಕ್ಕೆ ಬಂದು ಹಾಗೇ ವಾಪಸ್ ಹೋಗಿಬಿಡುತ್ತಾರೆ.

ಈ ಜಾಗದ ಕಥೆ ವಿಮಾನಕ್ಕಿಂತ ಹಳೆಯದು. ಪ್ರಶ್ಯದ ರಾಜರ ಕಾಲದಲ್ಲಿ ಇದು ಸೈನ್ಯದ ಕವಾಯತು ಮೈದಾನ. ಕವಾಯತು ಇಲ್ಲದ ದಿನ ಊರಿನ ಜನ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು. 1909ರಲ್ಲಿ ರೈಟ್ ಸಹೋದರರಲ್ಲಿ ಕಿರಿಯವನಾದ ಆರ್ವಿಲ್ ಇಲ್ಲಿಗೇ ಬಂದು ವಿಮಾನ ಹಾರಿಸಿ ತೋರಿಸಿದ. 1923ರ ಅಕ್ಟೋಬರ್‌ನಲ್ಲಿ ನಿಲ್ದಾಣ ಶುರುವಾಯಿತು. 1926ರಲ್ಲಿ ಹುಟ್ಟಿದ ಲುಫ್ಟ್‌ಹಾನ್ಸಾ ಬೆಳೆದದ್ದು ಇಲ್ಲೇ. 1927ರಲ್ಲೇ ಇಲ್ಲಿಗೆ ಸುರಂಗ ರೈಲು ಬಂದಿತ್ತು. ಈಗಿನ ಪರಾಡೆಷ್ಟ್ರಾಸೆ ಸ್ಟೇಷನ್ ಅದು. ಈ ಮಾತು ಓದಿ ದೇವನಹಳ್ಳಿಗೆ ಇನ್ನೂ ಮೆಟ್ರೋ ಕಾಯುತ್ತಿರುವವರು ನಿಟ್ಟುಸಿರು ಬಿಟ್ಟರೆ ತಪ್ಪಿಲ್ಲ.

ಆಮೇಲಿನದು ಕೆಟ್ಟ ಕಾಲ. ನಾಜಿಗಳು ಬಂದ ಮೇಲೆ ಬಯಲಿನ ಅಂಚಿನಲ್ಲಿದ್ದ ಕೊಲುಂಬಿಯಾ ಹೌಸ್ ಎಂಬ ಹಳೇ ಸೈನಿಕ ಜೈಲು ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಹೋಯಿತು. 1934ರ ಕೊನೆಯಿಂದ 1936ರವರೆಗೆ ಅದು ನಾಜಿಗಳ ಎಸ್‌ಎಸ್ ಪಡೆ ನಡೆಸಿದ ಯಾತನಾ ಶಿಬಿರ. ಹೊಸ ನಿಲ್ದಾಣದ ಕೆಲಸಕ್ಕೆಂದು ಅದನ್ನು ಒಡೆದು ಹಾಕಿದರು. ಎರ್ನ್ಸ್ಟ್ ಸಾಗೆಬೀಲ್ ಎಂಬ ವಾಸ್ತುಶಿಲ್ಪಿಯ ದೈತ್ಯ ಕಟ್ಟಡ 1936ರಲ್ಲಿ ಶುರುವಾಯಿತು. ಯುದ್ಧ ಬಂತು, ಕಟ್ಟಡ ಪೂರ್ತಿ ಮುಗಿಯಲೇ ಇಲ್ಲ. ಪ್ರಯಾಣಿಕರಿಗೆಂದು ಕಟ್ಟಿದ ಜಾಗದಲ್ಲಿ ಸ್ಟೂಕಾ ಬಾಂಬರ್ ವಿಮಾನಗಳನ್ನು ಜೋಡಿಸಿದರು. ಆ ಕೆಲಸಕ್ಕೆ ಬೇರೆ ದೇಶಗಳಿಂದ ಬಲವಂತವಾಗಿ ಎಳೆದು ತಂದ ಆಳುಗಳನ್ನು ಇದೇ ಬಯಲಿನ ಶೆಡ್ಡುಗಳಲ್ಲಿ ಕೂಡಿಹಾಕಿದ್ದರು. ನಮ್ಮ ಹುಡುಗರು ಟೆನ್ನಿಸ್ ಬಾಲ್ ಕ್ರಿಕೆಟ್ ಆಡುವ ಹುಲ್ಲಿನ ಕೆಳಗೆ ಇದೂ ಇದೆ.

ಬರ್ಲಿನ್‌ನವರು ಟೆಂಪೆಲ್‌ಹೋಫ್ ಎಂದರೆ ನೆನೆಯುವುದು ಬೇರೆಯದನ್ನೇ. 1948ರ ಜೂನ್‌ನಲ್ಲಿ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್‌ಗೆ ಬರುವ ರಸ್ತೆ, ರೈಲು, ಕಾಲುವೆ ಎಲ್ಲ ಬಂದ್ ಮಾಡಿತು. ಒಳಗೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ. ಅಮೆರಿಕ, ಬ್ರಿಟನ್ ಮತ್ತು ಜೊತೆಗಿದ್ದ ದೇಶಗಳು ವಿಮಾನದಲ್ಲೇ ಒಂದು ಊರನ್ನು ಸಾಕಲು ಹೊರಟವು. ಹಿಟ್ಟು, ಹಾಲಿನ ಪುಡಿ, ಒಣಗಿಸಿದ ಆಲೂಗಡ್ಡೆ, ಎಲ್ಲಕ್ಕಿಂತ ಜಾಸ್ತಿ ಕಲ್ಲಿದ್ದಲು. ಮುತ್ತಿಗೆ 1949ರ ಮೇ 12ಕ್ಕೆ ಮುಗಿದರೂ ವಿಮಾನಗಳು ಸೆಪ್ಟೆಂಬರ್‌ವರೆಗೆ ಬರುತ್ತಲೇ ಇದ್ದವು. ಒಟ್ಟು ಎರಡೂ ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಹಾರಾಟ, ಸುಮಾರು 23 ಲಕ್ಷ ಟನ್ ಸಾಮಾನು. 1949ರ ಈಸ್ಟರ್ ಹೊತ್ತಿಗೆ ಒಂದೇ ದಿನದಲ್ಲಿ 1,398 ವಿಮಾನಗಳು ಬಂದವು. ಊರಿನ ಮೂರು ನಿಲ್ದಾಣಗಳನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ ಹತ್ತಿರ ಹತ್ತಿರ ಒಂದು.

ಗೇಲ್ ಹಾಲ್ವರ್ಸೆನ್ ಎಂಬ ಅಮೆರಿಕನ್ ಪೈಲಟ್ ಬೇಲಿಯ ಹತ್ತಿರ ನಿಂತ ಮಕ್ಕಳನ್ನು ಮಾತಾಡಿಸಿದ. ಯಾರೂ ಚಾಕೊಲೇಟ್ ಬೇಡಲಿಲ್ಲ, ಅದೇ ಅವನಿಗೆ ತಟ್ಟಿತು. ಜೇಬಲ್ಲಿದ್ದ ಎರಡು ಚ್ಯೂಯಿಂಗ್ ಗಮ್ ಮುರಿದು ಕೊಟ್ಟು, ನಾಳೆ ಮೇಲಿಂದ ಬೀಳಿಸುತ್ತೇನೆ, ನನ್ನ ವಿಮಾನ ರೆಕ್ಕೆ ಅಲ್ಲಾಡಿಸುತ್ತದೆ ನೋಡಿ ಎಂದ. ಕರವಸ್ತ್ರದ ಪುಟ್ಟ ಪ್ಯಾರಾಚೂಟ್‌ಗಳಲ್ಲಿ ಸಿಹಿ ಬೀಳತೊಡಗಿತು. ಆ ವಿಮಾನಗಳಿಗೆ ಜನ ಒಣದ್ರಾಕ್ಷಿ ಬಾಂಬರ್ ಎಂದು ಹೆಸರಿಟ್ಟರು. ಹಾಲ್ವರ್ಸೆನ್ 2022ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರೇ ವರ್ಷ ಹಿಂದೆ ಇದೇ ಊರನ್ನು ಬಾಂಬು ಹಾಕಿ ಸುಟ್ಟಿದ್ದವರು ಅದೇ ಊರಿಗೆ ಸಕ್ಕರೆ ತಂದು ಹಾಕಿದ ಜಾಗ ಇದು. ಎಂಬತ್ತು ದಾಟಿದ ಬರ್ಲಿನ್ ಅಜ್ಜ ಅಜ್ಜಿಯರ ಜೊತೆ ಮಾತಿಗೆ ಕೂತರೆ ಈ ಬಯಲಿನ ಬಗ್ಗೆ ಅವರಿಗೆ ಯಾಕಷ್ಟು ಅಭಿಮಾನ ಎಂದು ಅರ್ಥವಾಗುತ್ತದೆ.

ಐವತ್ತರ ದಶಕದಲ್ಲಿ ಪೂರ್ವ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರನ್ನು ಇಲ್ಲಿಂದಲೇ ವಿಮಾನ ಹತ್ತಿಸಿ ಪಶ್ಚಿಮ ಜರ್ಮನಿಗೆ ಕಳಿಸುತ್ತಿದ್ದರು. 1975ರಲ್ಲಿ ದೊಡ್ಡ ವಿಮಾನಗಳೆಲ್ಲ ಊರಿನ ಇನ್ನೊಂದು ನಿಲ್ದಾಣ ಟೇಗೆಲ್‌ಗೆ ಹೋದವು. ಆಮೇಲೆ ಟೆಂಪೆಲ್‌ಹೋಫ್ ಸೊರಗಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ಸಣ್ಣ ವಿಮಾನಗಳಿಂದ ಸ್ವಲ್ಪ ಜೀವ ಬಂತು, ಆದರೆ 1996ರಲ್ಲಿ ತೀರ್ಮಾನವಾಗಿಬಿಟ್ಟಿತು. ಶೋನೆಫೆಲ್ಡ್‌ನಲ್ಲಿ ಒಂದೇ ದೊಡ್ಡ ನಿಲ್ದಾಣ, ಊರೊಳಗಿನ ಎರಡೂ ಬಂದ್.

2008 ನಮಗೂ ನೆನಪಿರುವ ವರ್ಷ. ಆ ವರ್ಷ ಮೇ 24ಕ್ಕೆ ದೇವನಹಳ್ಳಿ ನಿಲ್ದಾಣ ಶುರುವಾಗಿ ಎಚ್‌ಎಎಲ್‌ನಿಂದ ಪ್ರಯಾಣಿಕರ ವಿಮಾನ ನಿಂತಿತು. ಎಚ್‌ಎಎಲ್ ಉಳಿಸಿ ಎಂದು ಬೆಂಗಳೂರಲ್ಲಿ ಕೋರ್ಟಿಗೆ ಹೋದವರಿದ್ದರು. ಟೆಂಪೆಲ್‌ಹೋಫ್ ಉಳಿಸಿ ಎಂದು ಇಲ್ಲಿ ಏಪ್ರಿಲ್ 27ರಂದು ಜನಮತಗಣನೆಯೇ ನಡೆಯಿತು. ವೋಟು ಹಾಕಿದವರಲ್ಲಿ ನೂರಕ್ಕೆ ಅರವತ್ತು ಜನ ಉಳಿಸಿ ಎಂದರು. ಆದರೂ ಸೋತರು. ಒಟ್ಟು ಮತದಾರರಲ್ಲಿ ಕಾಲು ಭಾಗ ಒಪ್ಪಬೇಕಿತ್ತು, ಉಳಿಸಿ ಎನ್ನುವ ವೋಟು ಅಷ್ಟು ಬೀಳಲಿಲ್ಲ. ಅಕ್ಟೋಬರ್ 30ರ ರಾತ್ರಿ ಯುಂಕರ್ಸ್ 52, ಡಿಸಿ-3 ಎಂಬ ಎರಡು ಹಳೇ ವಿಮಾನಗಳು ಒಟ್ಟಿಗೆ ಮೇಲೇರಿದವು. ಅಲ್ಲಿಗೆ ಟೆಂಪೆಲ್‌ಹೋಫ್ ಮುಗಿಯಿತು. ಎಚ್‌ಎಎಲ್ ರನ್‌ವೇಯಲ್ಲಿ ಇವತ್ತಿಗೂ ಸೇನೆ ಮತ್ತು ಪರೀಕ್ಷಾ ವಿಮಾನಗಳು ಹಾರುತ್ತವೆ, ಆ ಬೇಲಿ ತೆರೆಯುವ ಪ್ರಶ್ನೆಯೇ ಇಲ್ಲ. ಇಲ್ಲಿ 2010ರ ಮೇ 8ರಂದು ಬೇಲಿಯ ಗೇಟು ತೆರೆಯಿತು.

ಆ ಗೇಟು ತಾನಾಗಿ ತೆರೆದದ್ದಲ್ಲ. 2009ರಲ್ಲಿ ಸಾವಿರಾರು ಜನ ಬೇಲಿ ಹಾರಿ ಒಳಗೆ ಹೋಗಲು ನೋಡಿ ಪೊಲೀಸರ ಕೈಯಲ್ಲಿ ಒದೆ ತಿಂದಿದ್ದರು. ತೆರೆದ ಮೇಲೆ ಯಾರೂ ಏನನ್ನೂ ದೊಡ್ಡದಾಗಿ ಕಟ್ಟಲಿಲ್ಲ. ರನ್‌ವೇ ಮೇಲೆ ಸೈಕಲ್, ಸ್ಕೇಟಿಂಗ್, ಗಾಳಿಪಟ. ಪಕ್ಕದ ನಾಯ್‌ಕೋಲ್ನ್ ಬಡಾವಣೆಯ ಕಡೆ ಹಲಗೆ ಜೋಡಿಸಿ ಮಣ್ಣು ತುಂಬಿ ಮಾಡಿದ ಕೈತೋಟಗಳು. ಶನಿವಾರ ಸಂಜೆ ಟರ್ಕಿ, ಅರಬ್ ಕುಟುಂಬಗಳ ಗ್ರಿಲ್ ಹೊಗೆ. ನಡುವಿನ ಹುಲ್ಲಿನಲ್ಲಿ ಬಾನಾಡಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ, ಅದಕ್ಕೆ ವಸಂತದಲ್ಲಿ ಅಷ್ಟು ಭಾಗಕ್ಕೆ ಹಗ್ಗ ಕಟ್ಟುತ್ತಾರೆ. ಬೇಸಿಗೆ ರಾತ್ರಿ ಈ ಬಯಲು ತಣ್ಣಗಾಗಿ ಅಕ್ಕಪಕ್ಕದ ಬೀದಿಗಳಿಗೂ ತಂಪು ಗಾಳಿ ಕಳಿಸುತ್ತದೆ. ಎಸಿ ಇಲ್ಲದ ಐದನೇ ಮಹಡಿಯಲ್ಲಿ ಇರುವವರಿಗೆ ಅದರ ಬೆಲೆ ಗೊತ್ತು.

ಒಂದು ಕೆಡುಕೂ ಆಯಿತು, ಅದನ್ನು ಮುಚ್ಚಿಡಬಾರದು. ತಲೆ ಮೇಲೆ ವಿಮಾನ ಹಾರುತ್ತಿದ್ದ ಷಿಲ್ಲರ್‌ಕೀಟ್ಸ್ ಒಂದು ಕಾಲಕ್ಕೆ ಬಡವರ ಕೇರಿ. ವಿಮಾನ ನಿಂತು ಪಾರ್ಕ್ ಬಂದದ್ದೇ ತಡ ಬಾಡಿಗೆ ಏರಿತು. ಹಳಬರು ಎಷ್ಟೋ ಜನ ಜಾಗ ಖಾಲಿ ಮಾಡಿದರು. ನಮ್ಮಂಥ ಸಂಬಳದವರು ಅಲ್ಲಿ ಹೋಗಿ ಸೇರಿಕೊಂಡೆವು. ಬಯಲಿನ ಅಂಚಿನಲ್ಲಿ ಹೊಸ ಫ್ಲ್ಯಾಟ್ ಬಂದರೆ ಬಡವರಿಗೆ ಅನುಕೂಲ ಎನ್ನುವ ಮಾತನ್ನು ನಾನು ಸುಲಭಕ್ಕೆ ನಂಬದಿರುವುದಕ್ಕೆ ಇದೂ ಒಂದು ಕಾರಣ. ಹಸಿರು ಕಾಣುವ ಬಾಲ್ಕನಿಗೆ ಈ ಊರಲ್ಲಿ ಎಷ್ಟು ಕೇಳುತ್ತಾರೆ ಎಂದು ನಿಮಗೇ ಗೊತ್ತಲ್ಲ.

ಬರ್ಲಿನ್ ಸರ್ಕಾರ ಆಗ ಒಂದು ಯೋಜನೆ ತಂದಿತು. ಮೂರು ಅಂಚುಗಳಲ್ಲಿ ಸುಮಾರು 4,700 ಮನೆ, ಆಫೀಸು, ಜೊತೆಗೊಂದು ದೊಡ್ಡ ಗ್ರಂಥಾಲಯ. ನಡುವಿನ ಬಯಲು ಹಾಗೇ ಇರುತ್ತದೆ ಎಂದರು. ಜನ ನಂಬಲಿಲ್ಲ. ಯಾಕೆ ನಂಬಬೇಕಿತ್ತು ಹೇಳಿ? ಅದೇ ಸರ್ಕಾರ ಪಾಲುದಾರನಾಗಿ ಕಟ್ಟುತ್ತಿದ್ದ ಹೊಸ ವಿಮಾನ ನಿಲ್ದಾಣ 2012ರ ಜೂನ್‌ಗೆ ಶುರುವಾಗಬೇಕಿತ್ತು. ಇನ್ನೇನು ನಾಲ್ಕು ವಾರ ಇದೆ ಎನ್ನುವಾಗ, ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆಯೇ ಸರಿ ಇಲ್ಲ ಎಂದು ನಿಲ್ಲಿಸಿದರು. ಅದು ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಟೆಂಪೆಲ್‌ಹೋಫ್ ಮುಚ್ಚಿ ಸರಿಯಾಗಿ ಹನ್ನೆರಡು ವರ್ಷ!

2014ರ ಮೇ 25ರಂದು ಮತ್ತೆ ಜನಮತಗಣನೆ. ಈ ಸಲ ಬಯಲು ಉಳಿಸುವವರ ಕಡೆಗೆ ನೂರಕ್ಕೆ 64 ವೋಟು, ಏಳು ಲಕ್ಷಕ್ಕೂ ಜಾಸ್ತಿ ಜನ. ಇಲ್ಲಿ ಒಂದು ಸೂಕ್ಷ್ಮ ಇದೆ. 2017ರಲ್ಲಿ ಟೇಗೆಲ್ ಮುಚ್ಚಬೇಡಿ ಎಂದು ಹೆಚ್ಚಿನವರು ವೋಟು ಹಾಕಿದರು, ಸರ್ಕಾರ ಮುಚ್ಚಿತು. 2021ರಲ್ಲಿ ದೊಡ್ಡ ಬಾಡಿಗೆ ಕಂಪನಿಗಳ ಮನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಲಿ ಎಂದು ಹೆಚ್ಚಿನವರು ವೋಟು ಹಾಕಿದರು, ವರ್ಷಗಳಾದರೂ ಅದು ಕಮಿಟಿ, ವರದಿಗಳಲ್ಲೇ ಸುತ್ತಿತು. ಎರಡೂ ಕಡೆ ಜನ ಸರ್ಕಾರಕ್ಕೆ ಹೀಗೆ ಮಾಡಿ ಎಂದು ಹೇಳಿದ್ದರು, ಅಷ್ಟೇ. 2014ರಲ್ಲಿ ಹಾಗಲ್ಲ. ಜನ ಒಂದು ಮಸೂದೆಯನ್ನೇ ಪೂರ್ತಿ ಬರೆದು ವೋಟಿಗಿಟ್ಟರು. ಗೆದ್ದ ಕೂಡಲೇ ಅದು ಕಾನೂನಾಯಿತು. ಅದಕ್ಕೇ ಫೆಲ್ಡ್ ಉಳಿದಿದೆ. ಆದರೆ ಉಳಿದ ಕಾನೂನುಗಳ ಹಾಗೆ ಇದನ್ನೂ ಬರ್ಲಿನ್ ಶಾಸನಸಭೆಯಲ್ಲಿ ಸರಳ ಬಹುಮತದಿಂದ ಬದಲಿಸಬಹುದು. ಕಾವಲು ಅಷ್ಟು ಗಟ್ಟಿ ಏನಲ್ಲ.

ಒಮ್ಮೆ ಬದಲಿಸಿದ್ದೂ ಇದೆ. 2015ರ ಶರತ್ಕಾಲದಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನಿಂದ ಜನ ಬಂದಾಗ ಹ್ಯಾಂಗರ್‌ಗಳಲ್ಲಿ ಮಂಚ ಹಾಕಿದರು. ಮರುವರ್ಷ ಕಾನೂನು ತಿದ್ದಿ ತಾತ್ಕಾಲಿಕ ವಸತಿಗೆ ಅವಕಾಶ ಮಾಡಿದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಅದು ಕಷ್ಟದಲ್ಲಿದ್ದವರಿಗೆ ಸೂರು. ಫ್ಲ್ಯಾಟ್ ಕಟ್ಟಿದರೆ ಮತ್ತೆ ಬಯಲಾಗುವುದಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

2023ರಲ್ಲಿ ಸಿಡಿಯು ಮತ್ತು ಎಸ್‌ಪಿಡಿ ಪಕ್ಷಗಳು ಸೇರಿ ಬರ್ಲಿನ್‌ನಲ್ಲಿ ಸರ್ಕಾರ ಮಾಡಿದಾಗ ಅಂಚಿನಲ್ಲಿ ಕಟ್ಟುವ ಮಾತು ಮತ್ತೆ ಎದ್ದಿತು. ಚೀಟಿ ಎತ್ತಿ ಆರಿಸಿದ ನಾಗರಿಕರನ್ನು ಕೂರಿಸಿ ಅಭಿಪ್ರಾಯ ಕೇಳಿದರು. ಅವರಲ್ಲೂ ಹೆಚ್ಚಿನವರು ಕಟ್ಟುವುದು ಬೇಡ ಎಂದರು. ಆಮೇಲೆ ವಾಸ್ತುಶಿಲ್ಪಿಗಳಿಗೆ ಐಡಿಯಾ ಸ್ಪರ್ಧೆ ಇಟ್ಟರು. ಬೇಕಾದ ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತಾರೇನೋ ಎಂದು ನನಗೆ ಅನುಮಾನ.

ಈಗ ಕಟ್ಟಡಕ್ಕೆ ಬರೋಣ. ಒಂದು ತುದಿಯಿಂದ ಇನ್ನೊಂದು ತುದಿಗೆ 1.2 ಕಿಲೋಮೀಟರ್, ಬಿಲ್ಲಿನ ಹಾಗೆ ಬಾಗಿದೆ. ಒಳಗೆ ಏಳು ಸಾವಿರಕ್ಕೂ ಜಾಸ್ತಿ ಕೋಣೆಗಳು, ಮೂರು ಲಕ್ಷ ಚದರ ಮೀಟರ್ ಜಾಗ. ಯುರೋಪಿನ ಅತಿ ದೊಡ್ಡ ಕಟ್ಟಡಗಳಲ್ಲಿ ಒಂದು. ಪ್ರಯಾಣಿಕರು ಮಳೆಗೆ ನೆನೆಯದೆ ವಿಮಾನ ಹತ್ತಲಿ ಎಂದು ಕಂಬಗಳೇ ಇಲ್ಲದ ಚಾವಣಿಯನ್ನು ಮುಂದಕ್ಕೆ ಚಾಚಿದ್ದಾರೆ. ಅದರ ಮೇಲೆ ಕೂತು ಸಾವಿರ ಸಾವಿರ ಜನ ವಿಮಾನಗಳ ಪ್ರದರ್ಶನ ನೋಡಬೇಕು ಎನ್ನುವುದು ಆಗಿನ ಅಹಂಕಾರದ ಲೆಕ್ಕ. ಈಗ ಅಲ್ಲಿ ಬರ್ಲಿನ್ ಪೊಲೀಸ್ ಇಲಾಖೆ ದೊಡ್ಡ ಬಾಡಿಗೆದಾರ. ಆಗೊಮ್ಮೆ ಈಗೊಮ್ಮೆ ವಸ್ತು ಪ್ರದರ್ಶನ, ಸಂಗೀತ, ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಫಾರ್ಮುಲಾ ಇ ಎಂಬ ಎಲೆಕ್ಟ್ರಿಕ್ ಕಾರ್ ರೇಸ್. ಒಂದು ಸಂದರ್ಶಕರ ಕೇಂದ್ರ ಇದೆ, ಗೈಡ್ ಜೊತೆ ಒಳಗೆ ಹೋಗಿ ನೋಡಬಹುದು. ನಾನು ಹೋಗಿದ್ದಾಗ ಅರ್ಧ ಕಡೆ ಬೀಗ, ಇನ್ನರ್ಧ ಕಡೆ ಉದುರಿದ ಗಾರೆ. ಹಳೇ ಪೈಪು, ಹಳೇ ವೈರು, ಸೋರುವ ಮಾಳಿಗೆ. ರಕ್ಷಿತ ಸ್ಮಾರಕವಾದ್ದರಿಂದ ಕೆಡವುವ ಹಾಗಿಲ್ಲ. ಪೂರ್ತಿ ದುರಸ್ತಿಗೆ ನೂರು ಕೋಟಿ ಯೂರೋ ದಾಟುತ್ತದೆ ಎನ್ನುವ ಮಾತು ವರ್ಷಗಳಿಂದ ಕೇಳುತ್ತಿದೆ. ಮಿತ್ರರಾಷ್ಟ್ರಗಳ ಮ್ಯೂಸಿಯಂ ಒಂದನ್ನು ಇಲ್ಲಿನ ಹ್ಯಾಂಗರ್‌ಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2015ರಲ್ಲೇ ದುಡ್ಡು ಒಪ್ಪಿತ್ತು. ಅದೂ ವರ್ಷಗಟ್ಟಲೆ ಎಳೆಯಿತು.

ಅದನ್ನೆಲ್ಲ ಮನೆಗಳಾಗಿ ಮಾಡಲು ಆಗುವುದಿಲ್ಲ ಎನ್ನುವುದು ನನಗೂ ಗೊತ್ತು. ಹ್ಯಾಂಗರ್‌ನಲ್ಲಿ ಸಂಸಾರ ಹೂಡಲು ಆಗದು. ಆದರೆ ಆಫೀಸು, ಗ್ರಂಥಾಲಯ, ಸ್ಟುಡಿಯೋ, ತರಬೇತಿ ಕೇಂದ್ರ, ಶಾಲೆಯ ವರ್ಕ್‌ಶಾಪು ಇವೆಲ್ಲ ಅಲ್ಲಿಗೆ ಬರಬಹುದು. ಅವು ಬಂದಷ್ಟೂ ಊರಿನ ಬೇರೆ ಕಡೆ ಮನೆ ಕಟ್ಟಲು ಜಾಗ ಬಿಡುವಾಗುತ್ತದೆ. 2014ರ ಯೋಜನೆಯಲ್ಲಿ ಗ್ರಂಥಾಲಯಕ್ಕೆ ಹೊಸ ಕಟ್ಟಡ ಬೇಕು ಎಂದಿದ್ದರಲ್ಲ, ಪಕ್ಕದಲ್ಲೇ ಇಷ್ಟು ಕೋಣೆ ಇಟ್ಟುಕೊಂಡು! ದುಡ್ಡು ಇಲ್ಲ ಎನ್ನುವುದು ನಿಜವಾದ ತೊಂದರೆ. ಆದರೆ ಇರುವ ಕಟ್ಟಡಕ್ಕೆ ದುಡ್ಡಿಲ್ಲದ ಸರ್ಕಾರ ಬಯಲಿಗೆ ಹೊಸ ರಸ್ತೆ, ಚರಂಡಿ, ಶಾಲೆ ಎಲ್ಲ ಎಲ್ಲಿಂದ ತರುತ್ತದೆ?

ಮನೆಯ ವಿಷಯಕ್ಕೆ ಟೇಗೆಲ್ ನೋಡಿ. 2020ರ ನವೆಂಬರ್‌ನಲ್ಲಿ ಅಲ್ಲಿಂದ ಕೊನೆಯ ವಿಮಾನ ಹೋಯಿತು. ಅಲ್ಲಿ ಐದು ಸಾವಿರಕ್ಕೂ ಜಾಸ್ತಿ ಮನೆಗಳ ಬಡಾವಣೆಗೆ ಯೋಜನೆ ಇದೆ. ಶೂಮಾಕರ್ ಕ್ವಾರ್ಟಿಯರ್ ಎಂದು ಹೆಸರೂ ಇಟ್ಟಾಗಿದೆ, ಮರದಲ್ಲಿ ಕಟ್ಟುತ್ತೇವೆ ಎಂದಿದ್ದಾರೆ. ಟೆಂಪೆಲ್‌ಹೋಫ್‌ಗೆ ಹೇಳಿದ್ದಕ್ಕಿಂತ ಜಾಸ್ತಿ ಮನೆ. ಅಲ್ಲಿ ಯಾರ ವಿರೋಧವೂ ದೊಡ್ಡದಾಗಿ ಇಲ್ಲ, ಜನಮತಗಣನೆಯ ಕಾನೂನೂ ಅಡ್ಡ ಇಲ್ಲ. ಆದರೂ ಕೆಲಸ ಆಮೆ ನಡಿಗೆಯಲ್ಲಿ ಸಾಗಿದೆ. ಇಷ್ಟು ಅನುಕೂಲ ಇರುವ ಕಡೆ ಬೇಗ ಮುಗಿಸಲಾರದವರು ಟೆಂಪೆಲ್‌ಹೋಫ್‌ನಲ್ಲಿ ನಮಗೆ ಬೇಗ ಮನೆ ಕೊಡುತ್ತಾರೆ ಎಂದು ಯಾಕೆ ಅಂದುಕೊಳ್ಳುತ್ತೀರಿ?

ನಮಗೆ, ಅದರಲ್ಲೂ ಬೆಂಗಳೂರಿನವರಿಗೆ, ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಎರಡಕ್ಕೂ ಒಳ್ಳೆಯ ಕಾರಣಗಳೇ ಇದ್ದವು. ಬಸ್ ಸ್ಟ್ಯಾಂಡ್ ಬೇಡವಾಗಿತ್ತು ಎಂದು ಯಾರು ತಾನೇ ಹೇಳುತ್ತಾರೆ? ಆದರೆ ಆ ಕೆರೆಗಳನ್ನು ವಾಪಸ್ ತರಲು ಈಗ ಯಾರಿಗೂ ಆಗುವುದಿಲ್ಲ. ಬೆಂಗಳೂರಿನವರು ಇಲ್ಲಿ ಬಂದು "ಸುಮ್ನೆ ಬಿಟ್ಟಿದ್ದಾರೆ" ಎನ್ನುವಾಗ ನನಗೆ ಸ್ವಲ್ಪ ಸಿಟ್ಟು ಬರುವುದು ಇದಕ್ಕೇ.

ಫೆಲ್ಡ್‌ನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಿಲ್ಲ. ಜುಲೈ ಮಧ್ಯಾಹ್ನ ನಿಲ್ಲಲು ನೆರಳಿಲ್ಲ. ಶೌಚಾಲಯ ಸಾಲದು. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೂರಲು ಬೆಂಚು ಹುಡುಕಬೇಕು. ಇದಕ್ಕೆಲ್ಲ ಕಾನೂನು ಅಡ್ಡಿ ಮಾಡುವುದಿಲ್ಲ. ಹೊರ ಸುತ್ತಿನಲ್ಲಿ ಮರ, ಬೆಂಚು, ಶೌಚಾಲಯ, ಆಟದ ಜಾಗ ಮಾಡಬಹುದು ಎಂದು ಅದರಲ್ಲೇ ಇದೆ. 2016ರಲ್ಲಿ ಜನರ ಜೊತೆ ಕೂತು ಯೋಜನೆಯೂ ಆಗಿದೆ. ಮಾಡುವ ಕೈ ಬೇಕಷ್ಟೇ.

ಹಾಗಾಗಿ ನನ್ನ ಕೋರಿಕೆ ಇದು. ವೋಟು ಇರುವವರು ಪ್ರಚಾರಕ್ಕೆ ಬರುವ ಅಭ್ಯರ್ಥಿಗಳನ್ನು, ಅವರು ಯಾವ ಪಕ್ಷದವರೇ ಆಗಲಿ, ಕೇಳಿ: ಟೇಗೆಲ್‌ನ ಮನೆಗಳು ಯಾವ ವರ್ಷ ಯಾವ ಬಾಡಿಗೆಗೆ ಬರುತ್ತವೆ? ಟೆಂಪೆಲ್‌ಹೋಫ್ ಕಟ್ಟಡಕ್ಕೆ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದೀರಿ? 2014ರ ಕಾನೂನನ್ನು ತಿದ್ದುವುದಾದರೆ ಮತ್ತೆ ಜನರನ್ನು ಕೇಳಿಯೇ ತಿದ್ದುತ್ತೀರಾ? ವೋಟು ಇಲ್ಲದವರೂ ಇ-ಮೇಲ್ ಬರೆಯಬಹುದು, ಸಾರ್ವಜನಿಕ ಸಭೆಗಳಿಗೆ ಹೋಗಬಹುದು. ಅದಕ್ಕೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಕಟ್ಟಡದ ಒಳಗೆ ಇನ್ನೂ ಹೋಗದವರು ಗೈಡೆಡ್ ಟೂರ್‌ಗೆ ಒಂದು ಸಲ ಟಿಕೆಟ್ ತೆಗೆದುಕೊಳ್ಳಿ. ಅದನ್ನು ನೋಡಿ ಬಂದ ಮೇಲೂ ಮೊದಲು ಬಯಲಿನಲ್ಲೇ ಕಟ್ಟಬೇಕು ಎನ್ನುವವರಿದ್ದರೆ ಮುಂದಿನ ಹಬ್ಬದ ಊಟದಲ್ಲಿ ನನ್ನ ಪಕ್ಕ ಕೂರಿ. ಈ ಸಲ ಸುಮ್ಮನಿರುವುದಿಲ್ಲ.

ಇಂತಿ,
ನಾಯ್‌ಕೋಲ್ನ್‌ನಿಂದ ನಿಮ್ಮವನೇ ಒಬ್ಬ ಕನ್ನಡಿಗ